ಪದಚರ್ಚೆ: 'ಕಾನ್ಸುಲೇಟ್' — 'ಉಪ ರಾಯಭಾರ ಕಚೇರಿ' ಸರಿಯೇ? (ಸಂಜೆಯೊಳಗೆ ಬೇಕು)

ಸ., ಬೆಂಗಳೂರು:
ಹಾಂಗ್‌ಕಾಂಗಿನಲ್ಲಿ ಮನೆಗೆಲಸಕ್ಕಿರುವ ಫಿಲಿಪೀನ್ಸಿನ ಹೆಂಗಸರ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟ ಇವತ್ತು ಸಂಜೆ ಅಚ್ಚಿಗೆ ಹೋಗುತ್ತೆ. ನಾನು 'ಕಾನ್ಸುಲೇಟ್' ಎಂದು ಬರೆದದ್ದನ್ನು ಡೆಸ್ಕಿನವರು ಎಲ್ಲ ಕಡೆ 'ಉಪ ರಾಯಭಾರ ಕಚೇರಿ' ಮಾಡಿಟ್ಟಿದ್ದಾರೆ. ಅಡ್ಮಿರಾಲ್ಟಿಯ ಯುನೈಟೆಡ್ ಸೆಂಟರ್‌ನಲ್ಲಿರುವ ಫಿಲಿಪೀನ್ಸಿನ ಆ ಕಚೇರಿ ಭಾನುವಾರವೂ ತೆರೆದಿರುತ್ತೆ, ಯಾಕೆಂದರೆ ಹೆಚ್ಚಿನವರಿಗೆ ರಜೆ ಸಿಗುವುದು ಅವತ್ತೊಂದೇ ದಿನ. ಪಾಸ್‌ಪೋರ್ಟ್, ಮಗುವಿನ ಜನನ ನೋಂದಣಿ, ಕೆಲಸದ ಕರಾರು, ಬಾಕಿ ಸಂಬಳದ ತಕರಾರು, ಸತ್ತವರ ದೇಹ ಊರಿಗೆ ಕಳಿಸುವುದು, ಎಲ್ಲಕ್ಕೂ ಅಲ್ಲಿಗೇ ಬರಬೇಕು. ಇಷ್ಟೆಲ್ಲ ಹೇಳಿ 'ಉಪ' ಅಂದರೆ ಓದುಗರು ಏನೋ ಶಾಖೆ ಇರಬೇಕು ಅಂದುಕೊಳ್ಳಲ್ಲವೇ?

ನಾ., ಶಿವಮೊಗ್ಗ:
ಮೊದಲು 'ರಾಯಬಾರ' ಎಂದು ಬರೆಯಿರಿ. ನಾಲಿಗೆಯಲ್ಲಿ ಇಲ್ಲದ ಮಹಾಪ್ರಾಣ ಬರಹದಲ್ಲಿ ಯಾಕೆ? ಇನ್ನು ನಿಮ್ಮ ಕೇಳ್ವಿಗೆ: 'ಹೊರನಾಡ ನೆರವುಮನೆ'. ಮಾಡುವ ಕೆಲಸವೇ ಹೆಸರಾಯಿತು. ಮುಗಿಯಿತು.

ಮ., ಧಾರವಾಡ:
ನೆರವುಮನಿ ಅಂದ್ರ ಮಂದಿ ಗಂಜಿಕೇಂದ್ರ ಅನ್ಕೋತಾರ. ಬ್ಯಾಡ.
'ವಾಣಿಜ್ಯ ದೂತಾವಾಸ'ನೂ ಬ್ಯಾಡ, ಅದು ಹಿಂದಿಯವರ ಸರಕು. ಹಿಂದಕ್ಕ ಮೆಡಿಟರೇನಿಯನ್ ಬಂದರಿನ್ಯಾಗ ವ್ಯಾಪಾರಿಗಳ ಜಗಳ ಬಿಡಸಾಕ ಕಾನ್ಸಲ್ ಇರ್ತಿದ್ದ, ಅದಕ್ಕ 'ವಾಣಿಜ್ಯ' ಬಂತು. ಹಾಂಗ್‌ಕಾಂಗಿನ್ಯಾಗ ಸಂಬಳ ಸಿಗದಾಕಿ ಸಾಲಿನ್ಯಾಗ ನಿಂತಾಳಲ್ಲ, ಆಕಿಗೆ ಯಾವ ವಾಣಿಜ್ಯ?

ಗ., ಉಡುಪಿ:
ಸ. ಮೇಡಂ, 'ಉಪ' ಮಾತ್ರವಲ್ಲ, 'ರಾಯಭಾರ'ವೂ ಇಲ್ಲಿ ಹೊಂದುವುದಿಲ್ಲ. ರಾಯಭಾರಿಯ ಮಾತು ಸರ್ಕಾರದಿಂದ ಸರ್ಕಾರಕ್ಕೆ. ಕಾನ್ಸಲ್‌ನ ಕೆಲಸ ತನ್ನ ದೇಶದವರ ಕಾಗದಪತ್ರ, ಕಷ್ಟಸುಖ. 1963ರ ವಿಯೆನ್ನಾ ಒಪ್ಪಂದ ಕಾನ್ಸಲ್‌ಗಳಿಗೆಂದೇ ಬೇರೆ ಇದೆ, ರಾಯಭಾರಿಗಳದ್ದು 1961ರದು. ಹಾಂಗ್‌ಕಾಂಗ್ 1997ರ ತನಕ ಬ್ರಿಟಿಷರ ಕೈಯಲ್ಲಿತ್ತು, ಈಗ ಚೀನಾದ್ದು. ಹಾಗಾಗಿ ರಾಯಭಾರ ಕಚೇರಿ ಇರುವುದು ಬೀಜಿಂಗಿನಲ್ಲಿ, ಜನ ಇರುವುದು ಹಾಂಗ್‌ಕಾಂಗಿನಲ್ಲಿ. ಯುಎಇಯಲ್ಲೂ ಹಾಗೆಯೇ: ಅವರದ್ದೂ ನಮ್ಮದೂ ಎಂಬಸಿ ಅಬುಧಾಬಿಯಲ್ಲಿ, ಕಾನ್ಸುಲೇಟ್ ದುಬೈಯಲ್ಲಿ. ದುಬೈಯಲ್ಲಿರುವ ನಮ್ಮ ಕಡೆಯವರ ಬಾಯಲ್ಲಿ 'ಪವರ್ ಆಫ್ ಅಟಾರ್ನಿಗೆ ಸೀಲ್ ಹಾಕಿಸ್ಲಿಕ್ಕುಂಟು, ಕಾನ್ಸುಲೇಟಿಗೆ ಹೋಗಿ ಬರ್ತೇನೆ' ಅಂತಲೇ ಬರುವುದು. ಉಪರಾಯಭಾರಕ್ಕೆ ಹೋದವರನ್ನು ನಾನು ಕಂಡಿಲ್ಲ.

ಲೇಖನದಲ್ಲಿ ಇದರ ಹಿನ್ನೆಲೆ ಬಾರದಿದ್ದರೆ ಒಂದು ಅಡಿಟಿಪ್ಪಣಿ ಹಾಕಿ. 1974ರಲ್ಲಿ ಫಿಲಿಪೀನ್ಸಿನ ಅಧ್ಯಕ್ಷ ಮಾರ್ಕೋಸ್ ಆಡಳಿತ ಕಾರ್ಮಿಕ ಸಂಹಿತೆ ತಂದು ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುವುದನ್ನು ಸರ್ಕಾರದ ನೀತಿಯನ್ನೇ ಮಾಡಿತು. ಕಳಿಸಿದ್ದಾಯಿತು, ನೋಡಿಕೊಳ್ಳುವವರಾರು? 1995ರ ಮಾರ್ಚ್ 17ರಂದು ಸಿಂಗಾಪುರದಲ್ಲಿ ಫ್ಲೋರ್ ಕೊಂಟೆಂಪ್ಲಾಸಿಯೊನ್ ಎಂಬ ಫಿಲಿಪೀನ್ಸಿನ ಮನೆಗೆಲಸದಾಕೆಯನ್ನು ಕೊಲೆ ಆರೋಪದಲ್ಲಿ ಗಲ್ಲಿಗೇರಿಸಿದರು. ಆಕೆ ನಿರಪರಾಧಿ ಎಂದು ನಂಬಿದ್ದ ಜನರ ಸಿಟ್ಟು ಸಿಂಗಾಪುರದ ಮೇಲಷ್ಟೇ ಅಲ್ಲ, ತಮ್ಮದೇ ಕಚೇರಿಗಳ ಮೇಲೂ ತಿರುಗಿತು. ಫಿಲಿಪೀನ್ಸಿನ ವಿದೇಶಾಂಗ ಕಾರ್ಯದರ್ಶಿ ರೊಬೆರ್ಟೊ ರೊಮುಲೊ ರಾಜೀನಾಮೆ ಕೊಟ್ಟರು. ಅದೇ ಜೂನ್‌ನಲ್ಲಿ 8042ನೇ ಕಾಯ್ದೆ ಬಂತು: ಕಾರ್ಮಿಕರು ಹೆಚ್ಚಿರುವ ಕಡೆ ದಿನದ 24 ಗಂಟೆ ತೆರೆದಿರುವ ನೆರವು ಕೇಂದ್ರ ಇರಬೇಕು, ಭಾನುವಾರ, ಹಬ್ಬದ ದಿನವೂ ಸೇರಿ. 2003ರ ಕಾಯ್ದೆಯಿಂದ ಹೊರದೇಶದಲ್ಲೇ ಮತ ಹಾಕುವ ಏರ್ಪಾಡೂ ಇಂಥ ಕಚೇರಿಗಳ ಹೆಗಲಿಗೆ ಬಿತ್ತು.

'ಕಾನ್ಸುಲೇಟ್' ಎಂದೇ ಬರೆಯಿರಿ. ಡೆಸ್ಕಿನವರು ಒಪ್ಪದಿದ್ದರೆ 'ಕಾನ್ಸುಲೇಟ್ ಕಚೇರಿ'. ದ್ವಿರುಕ್ತಿ ನಿಜ, ಆದರೆ 'ಗೇಟು ಬಾಗಿಲು' ಅನ್ನುವವರ ಊರಿನಲ್ಲಿ ನಡೆಯುತ್ತದೆ.

ನಾ., ಶಿವಮೊಗ್ಗ:
ನಿಮ್ಮ ಕಾಯ್ದೆಯಲ್ಲೇ 'ನೆರವು' ಇದೆಯಲ್ಲ ಸ್ವಾಮಿ! ಎರವಲು ತರುವುದೇ ಸುಲಬ ಅಂತ ಕೂತರೆ ನಾಳೆ ಕನ್ನಡದಲ್ಲಿ 'ಮತ್ತು' ಒಂದೇ ಉಳಿಯುತ್ತೆ. ಆ ನಾಡಿನವರು ತಮ್ಮ ನುಡಿಯಲ್ಲಿ ಏನನ್ನುತ್ತಾರೆ, ಅದನ್ನು ನೋಡಿದಿರಾ?

ಗ., ಉಡುಪಿ:
ನೋಡಿದೆ. 'ಕೊನ್ಸುಲಾದೊ'. ಎಂಬಸಿಗೆ 'ಎಂಬಹಾದಾ', ಪಾಸ್‌ಪೋರ್ಟಿಗೆ 'ಪಾಸಪೊರ್ತೆ'. ಮೂರೂ ಸ್ಪ್ಯಾನಿಷ್. ಹಾಗಂತ ಅವರ ನುಡಿ ಟಗಾಲೊಗ್ ಸತ್ತಿಲ್ಲ. ಅಲ್ಲಿಯೂ ನಿಮ್ಮಂಥವರು ಇದ್ದರು, ಸ್ಪ್ಯಾನಿಷ್‌ನಿಂದ ಬಂದ 'ಸಿಲ್ಯಾ' ಬಿಟ್ಟು ಕುರ್ಚಿಗೆ 'ಸಲುಂಪುವಿತ್' ಎಂದು ಹೊಸೆದರು. ಅರ್ಥ: ಅಂಡು ಹಿಡಿಯುವುದು. ಜನ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ, ಕೂರುವುದು ಮಾತ್ರ ಸಿಲ್ಯಾ ಮೇಲೆ.
ಅಂದಹಾಗೆ ಅವರ 'ಬಾಲ್ದೆ', ನಮ್ಮ ಮಂಗಳೂರಿನ 'ಬಾಲ್ದಿ' ಒಂದೇ. ಅವರಿಗೆ ಸ್ಪ್ಯಾನಿಷರಿಂದ, ನಮಗೆ ಪೋರ್ಚುಗೀಸರಿಂದ.

ಸ., ಬೆಂಗಳೂರು:
'ಕಾನ್ಸುಲೇಟ್' ಉಳಿಸಿ ಕಳಿಸಿಬಿಟ್ಟೆ, ಅಡಿಟಿಪ್ಪಣಿಯೂ ಸೇರಿತು. ಇನ್ನೊಂದೇ: ಆ ಕಚೇರಿಯ ಮುಖ್ಯಸ್ಥರಾದ 'ಕಾನ್ಸಲ್ ಜನರಲ್'ಗೆ ಡೆಸ್ಕಿನವರು 'ಮಹಾ ದೂತ' ಅನ್ನುತ್ತಿದ್ದಾರೆ.

ಮ., ಧಾರವಾಡ:
ಅವರ ಕೈಯಾಗಿನ ಪೆನ್ನು ಕಸ್ಕೊಳ್ರಿ.

ನಾ., ಶಿವಮೊಗ್ಗ:
'ಹಿರಿಯಾಳು' ಇದೆ. ಯಾರಿಗೂ ಬೇಡ, ಗೊತ್ತು. 'ಬಾಲ್ದಿ' ಪೋರ್ಚುಗೀಸರದ್ದು ಅಂತ ಅಶ್ಟು ಸಲೀಸಾಗಿ ಒಪ್ಪುವವನಲ್ಲ ನಾನು. ಬೇರೆ ಎಳೆ ತೆಗೆಯುತ್ತೇನೆ, ಅಲ್ಲಿಗೆ ಬನ್ನಿ.