ಒಂದೇ ಕಡೆಯ ಹೆಡ್‌ಲೈಟ್ ಬಲ್ಬು ಪದೇ ಪದೇ ಹೋಗ್ತಿದೆ, ನಾನೇ ಬದಲಾಯಿಸಬಹುದಾ?

ಪ್ರಶ್ನೆ: ಸರ್, ಕಾರಿನ ಎಡಗಡೆ ಹೆಡ್‌ಲೈಟ್ ಬಲ್ಬು ನಾಲ್ಕು ತಿಂಗಳಲ್ಲಿ ಎರಡನೇ ಸಲ ಹೋಯಿತು. ಬಲಗಡೆಯದಕ್ಕೆ ಏನೂ ಆಗಿಲ್ಲ. ಎಚ್4 ಬಲ್ಬು (ಹೈ ಬೀಮ್, ಲೋ ಬೀಮ್ ಎರಡೂ ಒಂದರಲ್ಲೇ), 60/55 ವಾಟ್. ಈ ಸಲ ಮನೆಯಲ್ಲೇ ಹಾಕೋಣ ಅಂತಿದ್ದೀನಿ. ಹೇಗೆ ಹಾಕಬೇಕು, ಒಂದೇ ಕಡೆ ಯಾಕೆ ಹೋಗ್ತಿದೆ, ಎರಡೂ ತಿಳಿಸಿ.

ಉತ್ತರ (ಆಟೋ ಎಲೆಕ್ಟ್ರಿಷಿಯನ್): ಖಂಡಿತ ಹಾಕಬಹುದು. ಎಚ್4ಗೆ ಸಾಮಾನ್ಯವಾಗಿ ಸ್ಪ್ಯಾನರ್ ಕೂಡ ಬೇಕಾಗುವುದಿಲ್ಲ.

ಮೊದಲು ಲೈಟ್ ಆಫ್ ಮಾಡಿ, ಕೀ ತೆಗೆದು, ಹದಿನೈದು ನಿಮಿಷ ಆರಲು ಬಿಡಿ. ಹ್ಯಾಲೊಜೆನ್ ಬಲ್ಬಿನೊಳಗೆ ಅನಿಲ ಒತ್ತಡದಲ್ಲಿರುತ್ತದೆ. ಕೈಜಾರಿ ಬಿದ್ದರೆ ಚೂರು ಸಿಡಿಯುತ್ತದೆ, ಕನ್ನಡಕ ಹಾಕಿಕೊಂಡರೆ ಒಳ್ಳೆಯದು. ಹೆಡ್‌ಲೈಟಿನ ಹಿಂದೆ ಮೂರು ಕಾಲಿನ ಕನೆಕ್ಟರ್ ಇದೆಯಲ್ಲ, ಅದನ್ನು ವೈರ್ ಹಿಡಿದು ಎಳೆಯಬೇಡಿ. ಪ್ಲಾಸ್ಟಿಕ್ ಹಿಡಿದು ಅತ್ತಿತ್ತ ಸ್ವಲ್ಪ ಅಲ್ಲಾಡಿಸುತ್ತ ನೇರ ಹಿಂದಕ್ಕೆ ಎಳೆಯಿರಿ. ಆಮೇಲೆ ರಬ್ಬರ್ ಬೂಟ್ (ಹಿಂದಿನ ರಬ್ಬರ್ ಮುಚ್ಚಳ) ಸುಲಿದು ತೆಗೆಯಿರಿ. ಒಳಗೆ ಒಂದು ತಂತಿ ಕ್ಲಿಪ್ ಕಾಣುತ್ತದೆ. ಮುಟ್ಟುವ ಮುಂಚೆ ಅದು ಯಾವ ಕೊಕ್ಕೆಗೆ ಸಿಕ್ಕಿಕೊಂಡಿದೆ ಅಂತ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ವಾಪಸ್ ಹಾಕುವಾಗ ಎಲ್ಲರೂ ತಡಕಾಡುವುದು ಅಲ್ಲೇ. ಕ್ಲಿಪ್ಪಿನ ತುದಿಯನ್ನು ಒಳಕ್ಕೆ ಒತ್ತಿ, ಪಕ್ಕಕ್ಕೆ ಸರಿಸಿದರೆ ಕಳಚುತ್ತದೆ. ಇನ್ನೊಂದು ತುದಿ ಹಿಂಜ್ ಥರ ಅಲ್ಲೇ ಉಳಿಯುತ್ತದೆ, ಅದನ್ನು ಕೀಳಬೇಡಿ.

ಹೊಸ ಬಲ್ಬನ್ನು ಲೋಹದ ಬುಡದಲ್ಲಿ ಮಾತ್ರ ಹಿಡಿಯಿರಿ. ಗಾಜು ನೂರಾರು ಡಿಗ್ರಿ ಕಾಯುತ್ತದೆ. ಬೆರಳಿನ ಜಿಡ್ಡು ಅಂಟಿದ ಜಾಗ ಸುಟ್ಟು ಕರಕಲಾಗಿ, ಅಲ್ಲಿ ಮಾತ್ರ ಬಿಸಿ ಹೆಚ್ಚಾಗಿ ಗಾಜು ಉಬ್ಬಬಹುದು, ಬಿರುಕು ಬಿಡಬಹುದು. ತಪ್ಪಿ ಮುಟ್ಟಿದರೆ ಗಾಬರಿ ಬೇಡ: ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ.

ಬುಡದ ತಟ್ಟೆಗೆ ಮೂರು ಕಿವಿ ಇರುತ್ತವೆ, ಅಗಲವಾದದ್ದು ಮೇಲಕ್ಕೆ ಬರಬೇಕು. ಸರಿಯಾಗಿ ಕೂತಾಗ ಹಿಂದಿನಿಂದ ನೋಡಿದರೆ ಬಲ್ಬಿನ ಮೂರು ಕಡ್ಡಿಗಳಲ್ಲಿ ಅಡ್ಡ ಇರುವುದು ಮೇಲೆ, ನೆಟ್ಟಗಿರುವ ಎರಡು ಅಕ್ಕಪಕ್ಕ. ಕ್ಲಿಪ್ ಹಾಕುವ ಮೊದಲು ಬೆರಳಿನಲ್ಲಿ ತಿರುಗಿಸಿ ನೋಡಿ, ಒಂದಿಷ್ಟೂ ತಿರುಗಬಾರದು. ತಿರುಗಿದರೆ ಯಾವುದೋ ಕಿವಿ ತನ್ನ ಕಚ್ಚಿನೊಳಗೆ ಕೂತಿಲ್ಲ ಅಂತ ಅರ್ಥ. ಕ್ಲಿಪ್ ಬಿಗಿಯಾದ ಮೇಲೆ ರಬ್ಬರ್ ಬೂಟನ್ನು ‘ಟಾಪ್’ ಅಂತ ಬರೆದಿರುವ ಕಡೆ ಮೇಲಾಗುವಂತೆ ಹಾಕಿ. ಮಧ್ಯದ ತೂತು ಬಲ್ಬಿನ ಬುಡದವರೆಗೆ ಪೂರ್ತಿ ಒಳಕ್ಕೆ ಸರಿಯಬೇಕು. ಅರ್ಧಕ್ಕೇ ನಿಂತರೆ ಕಡ್ಡಿಗಳು ಗಿಡ್ಡವಾಗಿ, ಕನೆಕ್ಟರ್ ಅರ್ಧಂಬರ್ಧ ಸಿಗುತ್ತದೆ.

ಇನ್ನು ಒಂದೇ ಕಡೆ ಯಾಕೆ ಅನ್ನುವುದಕ್ಕೆ: ಆಲ್ಟರ್ನೇಟರ್ (ಎಂಜಿನ್ನಿನಿಂದ ಕರೆಂಟ್ ಹುಟ್ಟಿಸುವ ಯಂತ್ರ) ವೋಲ್ಟೇಜ್ ಜಾಸ್ತಿಯಾಗಿದ್ದರೆ ಎರಡೂ ಬಲ್ಬು ಬೇಗ ಹೋಗುತ್ತಿದ್ದವು. ವೋಲ್ಟೇಜ್ 5 ಶೇಕಡಾ ಏರಿದರೂ ಹ್ಯಾಲೊಜೆನ್ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಿಮ್ಮದು ಹಾಗಲ್ಲ, ತೊಂದರೆ ಎಡಗಡೆಯೇ ಇದೆ. ಹಳೆಯ ಬಲ್ಬನ್ನು ಎಸೆಯದೆ ಬೆಳಕಿಗೆ ಹಿಡಿದು ನೋಡಿ. ಗಾಜು ಸ್ವಚ್ಛವಾಗಿದ್ದು ಒಳಗಿನ ತಂತಿ (ಫಿಲಮೆಂಟ್) ಮಾತ್ರ ತುಂಡಾಗಿದ್ದರೆ ಅದುರುವಿಕೆಯ ಅನುಮಾನ. ಬಲ್ಬು ಸಡಿಲ ಕೂತಿರಬಹುದು, ಇಲ್ಲವೇ ಹೆಡ್‌ಲೈಟ್ ಡಬ್ಬಿಯ ಬ್ರ್ಯಾಕೆಟ್ ಮುರಿದಿರಬಹುದು. ಗಾಜು ಒಳಗೆ ಹಾಲಿನಂತೆ ಬೆಳ್ಳಗಾಗಿದ್ದರೆ ಬಿರುಕಿನಿಂದ ಗಾಳಿ ಹೊಕ್ಕಿದೆ. ಒಂದು ಕಡೆ ಗುಳ್ಳೆಯಂತೆ ಉಬ್ಬಿದ್ದರೆ ಯಾರೋ ಬೆರಳಿಟ್ಟು ಹಾಕಿದ್ದಾರೆ. ಕಪ್ಪಾಗಿದ್ದರೆ ಸವೆದು ಹೋದದ್ದು, ಆದರೆ ಅದು ಎರಡು ತಿಂಗಳಲ್ಲಿ ಆಗುವಂಥದ್ದಲ್ಲ. ಆಮೇಲೆ ಕನೆಕ್ಟರಿನ ಮೂರು ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ, ಏನು ಕಂಡಿತು ಹೇಳಿ.

ಪ್ರಶ್ನೆ ಕೇಳಿದವರು: ಗಾಜು ಸ್ವಚ್ಛ ಇದೆ ಸರ್, ತಂತಿ ತುಂಡಾಗಿದೆ. ಕನೆಕ್ಟರಿನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ, ಆ ಕಡ್ಡಿ ಒಳಕ್ಕೆ ಹಾಕಿದರೆ ಹಿಡಿತವೇ ಇಲ್ಲ. ಬಲಗಡೆಯ ಬಲ್ಬು ಎಡಕ್ಕೆ ಹಾಕಿದರೆ ಉರಿಯುತ್ತೆ, ಆದರೆ ಬೆಳಕು ಮಂಕು.

ಉತ್ತರ (ಆಟೋ ಎಲೆಕ್ಟ್ರಿಷಿಯನ್): ಸಿಕ್ಕಿತು. ಸಡಿಲ ಟರ್ಮಿನಲ್ಲಿನಲ್ಲಿ (ತೂತಿನೊಳಗೆ ಕಡ್ಡಿ ಹಿಡಿಯುವ ಲೋಹದ ತುಂಡು) ರೋಧ, ಅಂದರೆ ಕರೆಂಟಿಗೆ ಅಡ್ಡಿ, ಹೆಚ್ಚಾಗಿ ಅದು ಕಾಯುತ್ತದೆ, ಕಾದರೆ ಒಳಗಿನ ಸ್ಪ್ರಿಂಗ್ ಬಿಗಿ ಕಳೆದುಕೊಂಡು ಇನ್ನಷ್ಟು ಸಡಿಲ. ಮಂಕಾಗುವುದೂ ಇದರಿಂದಲೇ: ವೋಲ್ಟೇಜ್ 10 ಶೇಕಡಾ ಕಡಿಮೆಯಾದರೆ ಬೆಳಕು ಸುಮಾರು 30 ಶೇಕಡಾ ಇಳಿಯುತ್ತದೆ. ಗುಂಡಿಯಲ್ಲಿ ಕಾರು ಕುಕ್ಕಿದಾಗಲೆಲ್ಲ ಕನೆಕ್ಷನ್ ಬಿಟ್ಟು ಹಿಡಿದು ಮಾಡುತ್ತದೆ. ಆರಿದ ಫಿಲಮೆಂಟ್ ಹೊತ್ತಿಕೊಳ್ಳುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಈ ಹೊಡೆತ, ಅದುರುವಿಕೆ ಎರಡೂ ಸೇರಿದರೆ ತಂತಿ ಬಾಳುವುದಿಲ್ಲ.

ಇಕ್ಕಳದಲ್ಲಿ ಟರ್ಮಿನಲ್ ಅಮುಕಿ ಬಿಗಿ ಮಾಡುವುದು ಮನೆಗೆ ತಲುಪುವಷ್ಟರ ಮಟ್ಟಿಗೆ ಸರಿ. ಸುಟ್ಟ ಲೋಹಕ್ಕೆ ಮತ್ತೆ ಸ್ಪ್ರಿಂಗ್ ಗುಣ ಬರುವುದಿಲ್ಲ. ವೈರ್ ಸಮೇತ ಬರುವ ಸೆರಾಮಿಕ್ ಎಚ್4 ಹೋಲ್ಡರ್ (ಹೊಸ ಕನೆಕ್ಟರ್) ತನ್ನಿ. ಅದರ ವೈರ್ ಗಾಡಿಯ ವೈರಿಗಿಂತ ತೆಳ್ಳಗಿರಬಾರದು. ಬ್ಯಾಟರಿಯ ನೆಗೆಟಿವ್ ಕಳಚಿ, ಮೂರು ವೈರನ್ನೂ ಒಟ್ಟಿಗೆ ಕತ್ತರಿಸದೆ ಒಂದೊಂದಾಗಿ ಕತ್ತರಿಸಿ ಜೋಡಿಸಿ, ಅದಲುಬದಲಾಗುವ ಭಯವಿರುವುದಿಲ್ಲ. ಜಾಯಿಂಟುಗಳು ಒಂದರ ಪಕ್ಕ ಒಂದು ಬಾರದಂತೆ ಎರಡು ಸೆಂ.ಮೀ. ಹಿಂದೆ ಮುಂದೆ ಇರಲಿ. ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿಟ್ಟು ಅಮುಕಿ) ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ಹಾಕಿ. ವೈರ್ ಹೆಣೆದು ಟೇಪ್ ಸುತ್ತಿದರೆ ಎಂಜಿನ್ ಬಿಸಿಗೆ ಅಂಟು ಕರಗಿ ಟೇಪ್ ಬಿಚ್ಚಿಕೊಳ್ಳುತ್ತದೆ.

ಮುಗಿದ ಮೇಲೆ ಎಂಜಿನ್ ಚಾಲೂ ಇಟ್ಟು, ಲೋ ಬೀಮ್ ಹಾಕಿ, ಮಲ್ಟಿಮೀಟರಿನಲ್ಲಿ ಬ್ಯಾಟರಿ ಮೇಲೆ ಒಮ್ಮೆ, ಹೋಲ್ಡರಿನ ಹಿಂದೆ ಒಮ್ಮೆ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಅರ್ಥ್ ಬೋಲ್ಟ್ (ನೆಗೆಟಿವ್ ವೈರನ್ನು ಕಾರಿನ ಬಾಡಿಗೆ ಕೂಡಿಸುವುದು) ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿ ಮಾಡಿ. ಬಲ್ಬು ಜೋಡಿಯಾಗಿ ಹಾಕಿ, ಇಲ್ಲದಿದ್ದರೆ ಒಂದು ಕಡೆ ಹಳದಿ ಇನ್ನೊಂದು ಕಡೆ ಬಿಳಿ ಕಾಣುತ್ತದೆ.

ಇನ್ನೊಬ್ಬರ ಪ್ರಶ್ನೆ: ನನ್ನ ಕಾರಿನಲ್ಲಿ ಎಚ್7. ಏರ್ ಫಿಲ್ಟರ್ ಡಬ್ಬಿ ಅಡ್ಡ ಬಂದು ಕೈಯೇ ಹೋಗಲ್ಲ.

ಉತ್ತರ (ಗ್ಯಾರೇಜ್ ಮೆಕ್ಯಾನಿಕ್): ಕಾಣದೆ ಬೆರಳಲ್ಲೇ ತಡವಿ ಮಾಡಲು ಹೋಗಿ ಕ್ಲಿಪ್ ಬಗ್ಗಿಸಿಕೊಳ್ಳುವವರೇ ಜಾಸ್ತಿ. ಡಬ್ಬಿ ಬಿಚ್ಚಲು ಹತ್ತು ನಿಮಿಷ ಸಾಕು. ಕೆಲವು ಕಾರಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಕ್ರದ ಹಿಂದಿನ ಪ್ಲಾಸ್ಟಿಕ್ ಲೈನರಿನ ಮುಚ್ಚಳ ತೆಗೆದು ಹೋಗಬೇಕು. ಇನ್ನು ಕೆಲವದರಲ್ಲಿ ಸ್ಕ್ರೂ ಬಿಚ್ಚಿ ಇಡೀ ಹೆಡ್‌ಲೈಟನ್ನೇ ಮುಂದಕ್ಕೆ ಎಳೆಯಬೇಕು. ಮ್ಯಾನ್ಯುಯಲ್ ನೋಡಿ ಶುರುಮಾಡಿ. ಎಚ್7ಗೆ ಎರಡೇ ಕಡ್ಡಿ, ಒಂದೇ ಫಿಲಮೆಂಟ್, 55 ವಾಟ್. ಕೆಲವಕ್ಕೆ ಕ್ಲಿಪ್ಪಿನ ಬದಲು ಅಡಾಪ್ಟರ್ ರಿಂಗ್ ಇರುತ್ತದೆ. ಅದು ಹಳೆಯ ಬಲ್ಬಿನ ಜೊತೆ ಬರುತ್ತದೆ, ಕಸಕ್ಕೆ ಹಾಕಿಬಿಟ್ಟೀರಿ. ಎಚ್11 ಆದರೆ ಕಾಲು ಸುತ್ತು ಎಡಕ್ಕೆ ತಿರುಗಿಸಿ ಎಳೆಯುವುದು, ಓ-ರಿಂಗ್ (ಬುಡದ ರಬ್ಬರ್ ಬಳೆ) ಸರಿ ಇದೆಯಾ ನೋಡಿಕೊಳ್ಳಿ. ಬಲ್ಬಿನ ಮೇಲೆ ಡಿ1ಎಸ್, ಡಿ2ಎಸ್ ಥರ ಬರೆದಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಜೆನಾನ್, ಹೊತ್ತಿಕೊಳ್ಳುವಾಗ 20,000 ವೋಲ್ಟ್ ದಾಟುತ್ತದೆ. ಮನೆಯಲ್ಲಿ ಮುಟ್ಟುವ ಕೆಲಸ ಅಲ್ಲ.

ಮತ್ತೊಂದು ಪ್ರಶ್ನೆ: ಹೇಗೂ ಬಿಚ್ಚುತ್ತೀವಲ್ಲ, ಅದೇ ಜಾಗಕ್ಕೆ 100/90 ವಾಟ್ ಹಾಕಿದರೆ? ಅಥವಾ ಎಲ್‌ಇಡಿ?

ಉತ್ತರ (ಆಟೋ ಎಲೆಕ್ಟ್ರಿಷಿಯನ್): 12 ವೋಲ್ಟಿನಲ್ಲಿ 60 ವಾಟ್ ಅಂದರೆ 5 ಆಂಪ್, 100 ವಾಟ್ ಅಂದರೆ 8.3 ಆಂಪ್. ಕರೆಂಟ್ ಸುಮಾರು 1.7 ಪಟ್ಟು, ಆದರೆ ಕನೆಕ್ಟರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ, ಅಂದರೆ ಸುಮಾರು 2.8 ಪಟ್ಟು. ಮೇಲಿನವರ ಹೋಲ್ಡರ್ 60 ವಾಟಿಗೇ ಕಂದು ಬಣ್ಣಕ್ಕೆ ತಿರುಗಿದೆ. ರಿಲೇ ಕಿಟ್ (ಸ್ವಿಚ್ಚಿನ ಬದಲು ಹೆಚ್ಚಿನ ಕರೆಂಟನ್ನು ತಾನೇ ಹೊರುವುದು) ಹಾಕಿದರೆ ಸ್ವಿಚ್ಚು ಉಳಿಯುತ್ತದೆ, ರಿಫ್ಲೆಕ್ಟರ್ ಉಳಿಯುವುದಿಲ್ಲ, ಒಳಗಿನ ಹೊಳೆಯುವ ಅಲ್ಯೂಮಿನಿಯಂ ಲೇಪ ಕ್ರಮೇಣ ಮಬ್ಬಾಗುತ್ತದೆ.

ಎಲ್‌ಇಡಿಯ ಸಮಸ್ಯೆ ಬೇರೆ. ಎಚ್4 ಬಲ್ಬಿನೊಳಗೆ ಲೋ ಬೀಮ್ ಫಿಲಮೆಂಟಿನ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿದೆ, ನೋಡಿದ್ದೀರಾ? ಎದುರಿನವರ ಕಣ್ಣಿಗೆ ಬೆಳಕು ಹೋಗದಂತೆ ತಡೆಯುವುದು ಅದೇ. ರಿಫ್ಲೆಕ್ಟರನ್ನು ರೂಪಿಸಿರುವುದೂ ಆ ಫಿಲಮೆಂಟಿನ ಜಾಗಕ್ಕೆ. ಎಲ್‌ಇಡಿ ಚಿಪ್ ಒಂದೆರಡು ಮಿ.ಮೀ. ಆಚೀಚೆ ಆದರೆ ಬೆಳಕು ಚದುರುತ್ತದೆ. ಕಾರಿನ ಮುಂದೆ ಹಾಲು ಚೆಲ್ಲಿದಂತೆ ಕಾಣುತ್ತದೆ, ದೂರದ ರಸ್ತೆ ಮಾತ್ರ ಕತ್ತಲೆ. ಹ್ಯಾಲೊಜೆನ್ ಹೆಡ್‌ಲೈಟಿಗೆ ಇಂಥವನ್ನು ಹಾಕುವುದಕ್ಕೆ ಎಷ್ಟೋ ದೇಶಗಳಲ್ಲಿ ಅನುಮತಿಯೂ ಇಲ್ಲ.

ಪ್ರಶ್ನೆ: ಬಲ್ಬು ಬದಲಾಯಿಸಿದ ಮೇಲೆ ಎದುರಿನವರು ಡಿಮ್-ಡಿಪ್ ಹೊಡೆಯುತ್ತಾರೆ. ಹಿಂದಿನ ಸ್ಕ್ರೂ ತಿರುಗಿಸಿ ಇಳಿಸಲಾ?

ಉತ್ತರ (ಗ್ಯಾರೇಜ್ ಮೆಕ್ಯಾನಿಕ್): ಸ್ಕ್ರೂ ಈಗಲೇ ಮುಟ್ಟಬೇಡಿ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ಕಾರು ನಿಲ್ಲಿಸಿ. ಟೈರ್ ಗಾಳಿ ಸರಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂರಲಿ, ಹೆಡ್‌ಲೈಟಿನ ಎತ್ತರ ಬದಲಿಸುವ ಲೆವೆಲ್ ಗುಂಡಿ ಸೊನ್ನೆಯಲ್ಲಿರಲಿ. ಹೆಡ್‌ಲೈಟಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರವೋ ಗೋಡೆಯ ಮೇಲೆ ಅಷ್ಟಕ್ಕೆ ಒಂದು ಗೆರೆ ಎಳೆಯಿರಿ. ಹೆಡ್‌ಲೈಟ್ ಮೇಲೆ 1 ಶೇಕಡಾ (ಬೆಳಕು ಎಷ್ಟು ಕೆಳಕ್ಕೆ ಬಾಗಬೇಕು ಅನ್ನುವ ಲೆಕ್ಕ) ಅಂತ ಇದ್ದರೆ, ಲೋ ಬೀಮಿನ ಬೆಳಕಿನ ಅಂಚು ಆ ಗೆರೆಯಿಂದ 5 ಸೆಂ.ಮೀ. ಕೆಳಗೆ ಬೀಳಬೇಕು. ಒಂದು ಲೈಟಿಗೆ ಬಟ್ಟೆ ಮುಚ್ಚಿ ಇನ್ನೊಂದನ್ನು ನೋಡಿ.

ಹೊಸ ಬಲ್ಬಿನ ಕಡೆ ಅಂಚೇ ಕಾಣದೆ ಬೆಳಕು ಮೇಲಕ್ಕೆ ಹರಡಿದ್ದರೆ ಬಲ್ಬು ಓರೆಯಾಗಿ ಕೂತಿದೆ. ಬಿಚ್ಚಿ ಮತ್ತೆ ಹಾಕಿ. ಅಂಚು ಚೊಕ್ಕವಾಗಿದ್ದು ಎತ್ತರ ಮಾತ್ರ ತಪ್ಪಿದ್ದರಷ್ಟೇ ಸ್ಕ್ರೂ, ಅದೂ ಅರ್ಧ ಸುತ್ತು ತಿರುಗಿಸಿ, ಗೋಡೆ ನೋಡಿ, ಮತ್ತೆ ಅರ್ಧ ಸುತ್ತು.

ಮೊದಲು ಪ್ರಶ್ನೆ ಕೇಳಿದವರು: ಹೋಲ್ಡರ್ ಹಾಕಿದೆ ಸರ್. ಬ್ಯಾಟರಿ ಮೇಲೆ 14.1, ಹೋಲ್ಡರಿನಲ್ಲಿ 13.8 ತೋರಿಸ್ತಿದೆ.

ಉತ್ತರ (ಆಟೋ ಎಲೆಕ್ಟ್ರಿಷಿಯನ್): 0.3 ವೋಲ್ಟ್, ಚೆನ್ನಾಗಿದೆ. ಒಂದು ವಾರ ಬಿಟ್ಟು ಬಲಗಡೆಯ ಕನೆಕ್ಟರನ್ನೂ ಒಮ್ಮೆ ಕಳಚಿ ನೋಡಿಬಿಡಿ, ಅದಕ್ಕೂ ಇಷ್ಟೇ ವಯಸ್ಸಾಗಿದೆ.