ಮದುವೆಗೆ ಮುಂಚೆ ಏನೇನು ಬಿಡಿಸಿ ಹೇಳಬೇಕು? ಅಕ್ಕಂದಿರ ಅನುಭವ ಬೇಕು

ನನಗೆ 29. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ಅಪ್ಪ ಇಲ್ಲ. ಅಮ್ಮನ ಖರ್ಚು, ತಮ್ಮನ ಫೀಸು ನಾನೇ ನೋಡಿಕೊಳ್ಳುತ್ತೇನೆ. ಬೆಂಗಳೂರಿನ ಸಂಬಂಧವೊಂದು ಕೂಡಿಬರುವ ಹಾಗಿದೆ. ಮದುವೆಯಾದ ಮೇಲೂ ಅಮ್ಮನಿಗೆ ಹಣ ಕೊಡಬೇಕು, ಕೆಲಸ ಬಿಡಲಾರೆ, ಅಡುಗೆ ಇಬ್ಬರೂ ಮಾಡಬೇಕು. ಇದನ್ನೆಲ್ಲ ಈಗಲೇ ಹೇಳಿದರೆ ಷರತ್ತು ಹಾಕುವ ಹುಡುಗಿ ಅಂತಾರೆ ಎಂದು ಅಮ್ಮನಿಗೆ ಭಯ. ನೀವೆಲ್ಲ ಏನು ಹೇಳಿದಿರಿ, ಯಾವಾಗ ಹೇಳಿದಿರಿ?

ಹುಬ್ಬಳ್ಳಿಯಿಂದ, ಶಿಕ್ಷಕಿ

ನಿಶ್ಚಿತಾರ್ಥಕ್ಕಿಂತ ಮೊದಲೇ ಹೇಳು ತಂಗಿ. ಹುಡುಗನಿಗೆ ಮಾತ್ರ ಹೇಳಿದರೆ ಸಾಲದು. ನಮ್ಮಪ್ಪನ ಔಷಧಿ ನನ್ನ ಪಗಾರದಲ್ಲೇ ನಡೀತಿತ್ತು. ನಮ್ಮವರಿಗೆ ಹೇಳಿದಾಗ ‘ಅದಕ್ಕೇನಂತ’ ಅಂದರು. ‘ಹಂಗಾದ್ರ ಇದನ್ನ ನಿಮ್ಮ ತಾಯಿ ಮುಂದ ನೀವೇ ಹೇಳ್ರಿ’ ಅಂದೆ. ಹೇಳಿದರು. ‘ಸೊಸಿ ಪಗಾರ ಮನಿಗೆ ಬರೂದಿಲ್ಲೇನು?’ ಅಂತ ಅತ್ತೆ ಕೇಳಿಯೇ ಬಿಟ್ಟರು. ಮದುವೆ ಆದಮೇಲೆ ಕೇಳುವ ಬದಲು ಆಗಲೇ ಕೇಳಿದ್ದು ಎಷ್ಟೋ ಒಳ್ಳೆಯದಾಯಿತು. ಮನೆ ಖರ್ಚಿಗೆ ಇಬ್ಬರೂ ಇಷ್ಟಿಷ್ಟು, ಉಳಿದದ್ದು ಅವರವರ ಖಾತೆಯಲ್ಲಿ ಅಂತ ಅಲ್ಲೇ ಕೂತು ಮಾತಾಡಿದೆವು. ಮುಂದೆ ಅಪ್ಪನಿಗೆ ಆಪರೇಷನ್ ಆದಾಗ ನಾನು ಯಾರ ಮುಂದೆಯೂ ಕೈ ಒಡ್ಡಲಿಲ್ಲ. ‘ಅಡ್ಜಸ್ಟ್ ಮಾಡ್ಕೊಂಡು ಹೋದ್ರಾಯ್ತು’ ಅಂತ ಯಾರಾದರೂ ಅಂದರೆ, ಯಾರು ಮಾಡ್ಕೋಬೇಕು, ಯಾವುದರಲ್ಲಿ ಅಂತ ಆಗಲೇ ಕೇಳು.

ಶಿವಮೊಗ್ಗದಿಂದ, ನರ್ಸ್

ಹೇಳಿದ್ದಕ್ಕೇ ನನಗೆ ಒಂದು ಸಂಬಂಧ ತಪ್ಪಿತು. ಕೆಲಸಕ್ಕೆ ನಮ್ಮ ಅಭ್ಯಂತರ ಇಲ್ಲ ಅಂದವರು, ರಾತ್ರಿ ಪಾಳಿ ಇರುತ್ತೆ ಅಂದ ಕೂಡಲೇ ಫೋನ್ ಮಾಡುವುದನ್ನೇ ಬಿಟ್ಟರು. ಮನೆಯಲ್ಲಿ ಎಲ್ಲರಿಗೂ ಬೇಸರ, ನನಗೆ ಮಾತ್ರ ನಿರಾಳ. ಆಮೇಲೆ ಬಂದವರಿಗೆ ಮೊದಲೇ ಡ್ಯೂಟಿ ಪಟ್ಟಿ ತೋರಿಸಿದೆ. ನೈಟ್ ಮುಗಿಸಿ ಬಂದರೆ ಎಷ್ಟು ಹೊತ್ತು ಮಲಗಬೇಕಾಗುತ್ತೆ ಎಂದು ಕೇಳಿದರು. ಅವರನ್ನೇ ಮದುವೆಯಾದೆ.

ಅಡುಗೆ ಬಗ್ಗೆ ‘ಮಾಡ್ತೀರಾ’ ಎಂದು ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ಈಗ ಉಂಡ ತಟ್ಟೆ ಯಾರು ತೊಳೀತಾರೆ ಅಂತ ಕೇಳಿ.

ಮಂಗಳೂರಿನಿಂದ, ವಕೀಲೆ

ಹುಬ್ಬಳ್ಳಿ ಅಕ್ಕ ಹೇಳಿದ ಹಾಗೆ ಎಲ್ಲರ ಎದುರು ಒಪ್ಪಿಕೊಂಡರೂ ಕಾಗದದಲ್ಲಿ ಅಮ್ಮನ ಹೆಸರು ಬಿಟ್ಟುಹೋಗಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಮದುವೆಯಾದವಳು ವಿಲ್ ಬರೆಯದೆ ತೀರಿಕೊಂಡರೆ ಅವಳೇ ದುಡಿದು ಗಳಿಸಿದ್ದು ಗಂಡ, ಮಕ್ಕಳಿಗೆ ಹೋಗುತ್ತದೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಹೆತ್ತವರ ಸರದಿ ಅದಾದ ಮೇಲೆ. ಮದುವೆಯಾಗಿ ಕೆಲವೇ ತಿಂಗಳಿಗೆ ಗಂಡ ತೀರಿಕೊಂಡು, ಅತ್ತೆಮನೆಯವರು ಹೊರಗೆ ಹಾಕಿ, ತವರಿನಲ್ಲಿದ್ದು ಓದಿ ಕೆಲಸ ಹಿಡಿದವಳೊಬ್ಬಳ ಉಳಿತಾಯವನ್ನು 2009ರಲ್ಲಿ ಸುಪ್ರೀಂ ಕೋರ್ಟ್ ಗಂಡನ ಕಡೆಯವರಿಗೇ ಕೊಟ್ಟಿತು. ಆ ತೀರ್ಪು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ವಿಲ್ ಬರೆಯಿರಿ. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ಇಪಿಎಫ್ (ನೌಕರರ ಭವಿಷ್ಯ ನಿಧಿ) ಇದ್ದರೆ, ಮದುವೆಗೆ ಮುಂಚೆ ಮಾಡಿದ ನಾಮಿನೇಷನ್ ಮದುವೆಯೊಂದಿಗೆ ರದ್ದಾಗುತ್ತದೆ. ಹೊಸದಾಗಿ ಕೊಡುವಾಗ ನಿಮ್ಮನ್ನೇ ಅವಲಂಬಿಸಿರುವ ತಾಯಿಯ ಹೆಸರನ್ನೂ ಸೇರಿಸಬಹುದು. ತವರಿನಿಂದ ಬಂದ ಚಿನ್ನ ಸ್ತ್ರೀಧನ, ಅದು ನಿಮ್ಮದೇ. ಲಾಕರ್ ನಿಮ್ಮ ಹೆಸರಿನಲ್ಲಿರಲಿ. ಇದನ್ನೆಲ್ಲ ಹುಡುಗನಿಗೆ ತಿಳಿಸಿಯೇ ಮಾಡಿ, ಮುಚ್ಚಿಡಬೇಕಾದ್ದು ಇದರಲ್ಲಿ ಏನೂ ಇಲ್ಲ.

ಮಂಡ್ಯದಿಂದ, ಬ್ಯಾಂಕ್ ಅಧಿಕಾರಿ

ಬ್ಯಾಂಕ್ ಕೆಲಸ ಅಂದೆಯಲ್ಲಮ್ಮ, ವರ್ಗಾವಣೆ ಮಾತು ಆಯಿತಾ? ಪ್ರೊಮೋಷನ್ ಸಿಕ್ಕರೆ ಸಾಮಾನ್ಯವಾಗಿ ಊರು ಬಿಡಬೇಕಾಗುತ್ತೆ. ಮನೆಯಲ್ಲಿ ಒಪ್ಪುವುದಿಲ್ಲ ಅಂತ ಪ್ರೊಮೋಷನ್ನೇ ಬೇಡ ಎಂದ ಹೆಣ್ಣುಮಕ್ಕಳನ್ನು ನಮ್ಮ ಶಾಖೆಗಳಲ್ಲಿ ನೋಡಿ ನೋಡಿ ಸಂಕಟಪಟ್ಟಿದ್ದೇನೆ. ‘ನಾಳೆ ನನ್ನನ್ನು ಬೇರೆ ರಾಜ್ಯಕ್ಕೆ ಹಾಕಿದರೆ ಏನು ಮಾಡೋಣ?’ ಅಂತ ಆ ಹುಡುಗನನ್ನು ಈ ವಾರವೇ ಕೇಳು.