ಜೂನ್ ಹುಣ್ಣಿಮೆಯ ವಿಕ್ಕಾ ಆಚರಣೆಗೂ ನಮ್ಮ ಕಾರಹುಣ್ಣಿಮೆಗೂ ಸಂಬಂಧವಿದೆಯೇ?

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ಶರಣು. ಮಾಟಗಾರಿಕೆಯನ್ನೂ ಪ್ರಕೃತಿಪೂಜೆಯನ್ನೂ ಬೆಸೆದ ಇಂಗ್ಲೆಂಡಿನ ವಿಕ್ಕಾ ಪಂಥದವರಿಗೆ ಬೇಸಿಗೆಯ ಮೊದಲ ಭಾಗದಲ್ಲಿ, ಅಂದರೆ ಜೂನ್‌ನಲ್ಲಿ, ಬರುವ ಹುಣ್ಣಿಮೆ ವಿಶೇಷವೆಂದು ಓದಿದೆ. ಅದು ಹೆಚ್ಚುಕಡಿಮೆ ನಮ್ಮ ಕಾರಹುಣ್ಣಿಮೆಯ ಹೊತ್ತಿಗೇ ಬರುವುದರಿಂದ, ಎರಡಕ್ಕೂ ಒಂದೇ ಪ್ರಾಚೀನ ಮೂಲವಿದೆ ಎಂಬುದು ನನ್ನೊಂದಿಗೆ ಜಾನಪದ ಓದುತ್ತಿರುವ ಗೆಳತಿಯ ವಾದ. ಇದನ್ನು ಒಪ್ಪಬಹುದೇ? ಆ ರಾತ್ರಿ ಅವರು ಏನು ಮಾಡುತ್ತಾರೆ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಬೀದರ್)

ತಂಗಿ, ಒಂದೇ ಮೂಲವೆಂಬ ಮಾತು ನಿಲ್ಲುವುದಿಲ್ಲ. ವಿಕ್ಕಾ ಪ್ರಾಚೀನ ಪೇಗನ್, ಅಂದರೆ ಕ್ರೈಸ್ತಪೂರ್ವ ಯುರೋಪಿನ, ನಂಬಿಕೆಗಳಿಂದ ಸ್ಫೂರ್ತಿ ಪಡೆದಿರುವುದು ನಿಜವಾದರೂ, ಅದರ ಇಂದಿನ ರೂಪ ಸಿದ್ಧವಾದದ್ದು 20ನೆಯ ಶತಮಾನದ ನಡುವಿನ ಇಂಗ್ಲೆಂಡಿನಲ್ಲಿ. ಮಾಟಗಾರಿಕೆಯ ವಿರುದ್ಧವಿದ್ದ ಹಳೆಯ ಕಾನೂನು 1951ರಲ್ಲಿ ರದ್ದಾದ ಮೇಲೆ ಜೆರಾಲ್ಡ್ ಗಾರ್ಡ್ನರ್ ಅದನ್ನು ಬಹಿರಂಗವಾಗಿ ಪರಿಚಯಿಸಿದರು, ಡೊರೀನ್ ವ್ಯಾಲಿಯೆಂಟೆ ಅದರ ಪೂಜಾಪಾಠಗಳನ್ನು ತಿದ್ದಿ ಬರೆದರು.

ಹುಣ್ಣಿಮೆಯ ಕೂಟಕ್ಕೆ ಅವರಲ್ಲಿ ಎಸ್ಬಾಟ್ ಎಂಬ ಹೆಸರಿದ್ದು, ಅದು ಜೂನ್‌ಗೆ ಮೀಸಲಾಗದೆ ಪ್ರತಿ ಹುಣ್ಣಿಮೆಗೂ ನಡೆಯುವಂಥದ್ದು. ವೃತ್ತವೊಂದನ್ನು ಕಟ್ಟಿ, ನಾಲ್ಕು ದಿಕ್ಕುಗಳನ್ನು ಆಹ್ವಾನಿಸಿ, ಚಂದ್ರರೂಪಿಣಿಯಾದ ದೇವಿಯನ್ನು ಪೂಜಾರಿಣಿಯ ಮೈಮೇಲೆ ಬರಮಾಡಿಕೊಳ್ಳುವುದು ಅದರ ಮುಖ್ಯ ಭಾಗ. ನಮ್ಮ ಜಾತ್ರೆಗಳಲ್ಲಿ ಮೈಮೇಲೆ ದೇವರು ಬರುವುದನ್ನು ಕಂಡವರಿಗೆ ಇದು ತೀರ ಹೊಸದೆನಿಸದು. ನಿಮ್ಮ ಗೆಳತಿ ಹೋಲಿಕೆ ಮಾಡುವುದಾದರೆ ಇಲ್ಲಿ ಮಾಡಲಿ. ದೇವಿಯ ನುಡಿ ಮುಗಿದ ಬಳಿಕ ತಿನಿಸು ಮತ್ತು ದ್ರಾಕ್ಷಾರಸವನ್ನು ಹಂಚಿಕೊಂಡು ವೃತ್ತವನ್ನು ಬಿಡಿಸುತ್ತಾರೆ. ಗುಂಪಿಗೆ ಸೇರದ ಸಾಧಕರು ಮೇಣದಬತ್ತಿ ಹಚ್ಚಿ, ಬಟ್ಟಲಲ್ಲಿ ನೀರನ್ನು ಬೆಳದಿಂಗಳಿಗಿಟ್ಟು ಒಬ್ಬರೇ ಧ್ಯಾನಿಸುವುದೂ ಉಂಟು. ಜೂನ್ 21ರ ಸುಮಾರಿಗೆ ಬರುವ ಲಿತಾ ಇದಕ್ಕಿಂತ ಬೇರೆ; ಅದು ಸೂರ್ಯನ ಗತಿಯನ್ನು ಅನುಸರಿಸುವ ಹಬ್ಬ.

ಉತ್ತರ (ಕಲಬುರಗಿ)

ಹೆಸರುಗಳ ಬಗ್ಗೆಯೂ ಎಚ್ಚರವಿರಲಿ. ಈಗ ಎಲ್ಲೆಡೆ ಕೇಳಿಬರುವ ‘ಸ್ಟ್ರಾಬೆರಿ ಮೂನ್’ ಯುರೋಪಿನದಲ್ಲ. ಉತ್ತರ ಅಮೆರಿಕದ ಅಲ್ಗೊಂಕಿನ್ ಮೂಲನಿವಾಸಿಗಳು ಆ ಹಣ್ಣು ಕೀಳುವ ಕಾಲಕ್ಕೆ ಇಟ್ಟ ಹೆಸರು. ಇನ್ನು ಲಂಡನ್ನಿನಲ್ಲಿ ಜೂನ್ ಹುಣ್ಣಿಮೆಯ ಚಂದ್ರ ದಿಗಂತದಿಂದ ಸುಮಾರು 15 ಡಿಗ್ರಿಯಷ್ಟೇ ಮೇಲೇರುವುದರಿಂದ ರಾತ್ರಿಯಿಡೀ ಜೇನುಬಣ್ಣದಲ್ಲಿ ಕಾಣಬಹುದು. ನಮ್ಮಲ್ಲಿ ಅದೇ ಚಂದ್ರ 50 ಡಿಗ್ರಿಯ ಆಸುಪಾಸಿಗೆ ಏರುತ್ತಾನೆ, ಮೋಡ ಬಿಟ್ಟರೆ.

ಉತ್ತರ (ಯಾದಗಿರಿ)

ಬೀದರಿನ ಅಣ್ಣನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಕಾರಹುಣ್ಣಿಮೆಯಲ್ಲಿ ಚಂದ್ರನಿಗೆ ಪೂಜೆಯೇ ಇಲ್ಲ. ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ, ಸಂಜೆ ಊರ ಅಗಸಿಯ ಮುಂದೆ ಕರಿ ಹರಿಯುವುದು (ಅಡ್ಡ ಕಟ್ಟಿದ ಹಗ್ಗವನ್ನು ಓಡುವ ಎತ್ತುಗಳಿಂದ ಹರಿಸುವುದು), ಮೊದಲು ಹರಿದ ಎತ್ತಿನ ಬಣ್ಣದಿಂದ ಆ ವರ್ಷ ಯಾವ ಬೆಳೆ ಒಲಿಯುತ್ತದೆಂದು ಹೇಳುವುದು, ಇವೆಲ್ಲ ಮುಂಗಾರಿಗೂ ಒಕ್ಕಲುತನಕ್ಕೂ ಸೇರಿದವು. ಇಂಗ್ಲೆಂಡಿನವರಿಗೆ ಬೇಸಿಗೆ ಅರಳುವ ತಿಂಗಳಲ್ಲಿ ನಮ್ಮ ಬೇಸಿಗೆ ಮುಗಿದು ಬಿತ್ತನೆಯ ಚಿಂತೆ ಹತ್ತಿರುತ್ತದೆ.

ಎರಡೂ ಸದಾ ಒಂದೇ ದಿನ ಬರುತ್ತವೆಂದೂ ಭಾವಿಸಬೇಡಿ. 2026ರ ಮೇ 31ರ ಹುಣ್ಣಿಮೆ ಆ ತಿಂಗಳ ಎರಡನೆಯದಾದ್ದರಿಂದ ಪೇಗನ್ನರಲ್ಲಿ ಹಲವರಿಗೆ ಅದು ವಿಶೇಷ ಶಕ್ತಿಯ ‘ಬ್ಲೂ ಮೂನ್’. ನಮ್ಮ ಪಂಚಾಂಗದಲ್ಲಿ ಅದು ಅಧಿಕ ಜ್ಯೇಷ್ಠಕ್ಕೆ ಸೇರುವುದರಿಂದ, ಎತ್ತುಗಳು ನಿಜ ಜ್ಯೇಷ್ಠದ ಹುಣ್ಣಿಮೆಯವರೆಗೆ, ಜೂನ್ ಕೊನೆಯವರೆಗೆ, ಕಾಯಬೇಕು.